ರೋಮಿಯೋ-ಜೂಲಿಯೆಟ್: ಕತ್ತರಿ ಎಲ್ಲಿ ಹಾಕಬೇಕು, ತಪ್ಪು ಯಾರ ತಲೆಗೆ ಕಟ್ಟಬೇಕು?

ಮೂರನೇ ಗಂಟೆ:
ನಮ್ಮ ಹವ್ಯಾಸಿ ತಂಡ ಈ ಸಲ ‘ರೋಮಿಯೋ ಅಂಡ್ ಜೂಲಿಯೆಟ್’ ಆಡಲು ಹೊರಟಿದೆ. ಕನ್ನಡ ಪಠ್ಯವನ್ನು ನಾವೇ ಸಿದ್ಧಪಡಿಸಿಕೊಳ್ಳುತ್ತಿದ್ದೇವೆ. ಮೂಲದಲ್ಲಿ ಸುಮಾರು ಮೂರು ಸಾವಿರ ಸಾಲುಗಳಿವೆ. ನಮಗೆ ಸಭಾಂಗಣ ಸಿಗುವುದು ಎರಡು ಗಂಟೆ. ನಾಂದಿಯಲ್ಲಿ ಷೇಕ್ಸ್‌ಪಿಯರನೇ ಇದನ್ನು ಎರಡು ಗಂಟೆಯ ಆಟವೆಂದು ಹೇಳಿಕೊಂಡಿದ್ದಾನೆ, ಆದರೆ ಅವನ ನಟರ ನಾಲಿಗೆಯ ವೇಗ ನಮ್ಮ ಹುಡುಗರಿಗಿಲ್ಲ.

ಕತ್ತರಿ ಹಿಡಿದ ದಿನದಿಂದ ತಂಡದಲ್ಲಿ ಜಗಳ. ವಿಧಿಯ ಆಟ ಎನ್ನುವವರಿಗೆ ನಾಂದಿ ಬೇಕು, ನಕ್ಷತ್ರಗಳ ಮಾತು ಬೇಕು. ಹರೆಯದ ದುಡುಕು ಎನ್ನುವವರಿಗೆ ಜೂಲಿಯೆಟಳಿಗಿಂತ ಮೊದಲು ರೋಮಿಯೋ ಮೋಹಿಸಿದ್ದ ರೋಸಲೀನಳ ಪ್ರಸ್ತಾಪ ಬೇಕು, ಪಾದ್ರಿ ಲಾರೆನ್ಸನ ಬುದ್ಧಿಮಾತು ಬೇಕು. ಮನೆತನಗಳ ಹಗೆಯೇ ನಾಟಕ ಎನ್ನುವವರು ಕತ್ತಿವರಸೆಯ ಒಂದು ಪಟ್ಟನ್ನೂ ಬಿಟ್ಟುಕೊಡುತ್ತಿಲ್ಲ. ಸದ್ಯಕ್ಕೆ ತೆಗೆಯಬೇಕೆಂದು ಗುರುತು ಹಾಕಿರುವುದು ಇಷ್ಟು: ನಾಂದಿ, ಪಾದ್ರಿ ಜಾನ್ ಬಂದು ಹೋಗುವ ಪುಟ್ಟ ದೃಶ್ಯ, ವಿಷ ಮಾರುವವನ ಅರ್ಧ ಮಾತು, ನಾಲ್ಕನೆಯ ಅಂಕದ ವಾದ್ಯಗಾರರು, ಜೂಲಿಯೆಟಳಿಗೆ ಮನೆಯವರು ಗೊತ್ತುಮಾಡಿದ ವರ ಪ್ಯಾರಿಸ್ ಗೋರಿಯ ಬಳಿ ಸಾಯುವುದು, ಕೊನೆಯಲ್ಲಿ ಪಾದ್ರಿ ಒಪ್ಪಿಸುವ ಉದ್ದನೆಯ ವರದಿ. ಇವುಗಳಲ್ಲಿ ಯಾವುದು ಹೋದರೆ ನಾಟಕವೇ ಹೋದಂತೆ? ಓದಿದವರು, ಆಡಿದವರು, ನೋಡಿದವರು ಹೇಳಿ.

ಹಳೇ ಮೇಷ್ಟ್ರು:
ನಾಂದಿಯನ್ನು ಮುಟ್ಟಬೇಡಿ. ಹದಿನಾಲ್ಕು ಸಾಲಿನ ಸುನೀತ ಅದು, ಹೇಳಲು ಒಂದು ನಿಮಿಷ ಸಾಕು. ಅಷ್ಟರಲ್ಲೇ ಕಥೆಯ ಕೊನೆಯನ್ನು ಪ್ರೇಕ್ಷಕನ ಕೈಗೆ ಕೊಟ್ಟುಬಿಡುತ್ತಾನೆ: ಈ ಇಬ್ಬರೂ ಸಾಯುತ್ತಾರೆ, ಅವರು ಸತ್ತ ಮೇಲೆ ಹೆತ್ತವರ ಹಗೆ ತೀರುತ್ತದೆ. ಆಮೇಲೆ ದಾದಿಯ ಹರಟೆಗೆ ನಗುವಾಗಲೂ ನಮ್ಮೊಳಗೆ ಆ ತಿಳಿವಳಿಕೆ ಕೂತಿರುತ್ತದೆ. ರೋಮಿಯೋ ಔತಣಕ್ಕೆ ಕಾಲಿಡುವ ಮುಂಚೆಯೇ ನಕ್ಷತ್ರಗಳಲ್ಲಿ ಏನೋ ತೂಗುತ್ತಿದೆ ಎಂದು ಅಳುಕುತ್ತಾನೆ. ಜೂಲಿಯೆಟಳ ಸೋದರಸಂಬಂಧಿ ಟಿಬಾಲ್ಟನನ್ನು ಕೊಂದ ಕೂಡಲೇ ತಾನು ವಿಧಿಯ ಕೈಯ ಕೋಡಂಗಿಯಾದೆನೆಂದು ಕೂಗುತ್ತಾನೆ. ಜೂಲಿಯೆಟ್ ಸತ್ತಳೆಂಬ ಸುದ್ದಿ ಬಂದಾಗ ನಕ್ಷತ್ರಗಳನ್ನೇ ಧಿಕ್ಕರಿಸುತ್ತೇನೆ ಎನ್ನುತ್ತಾನೆ. ಹಾಗೆ ಧಿಕ್ಕರಿಸಿ ಇಟ್ಟ ಹೆಜ್ಜೆಯೇ ಅವನನ್ನು ನಕ್ಷತ್ರಗಳು ಬರೆದಿಟ್ಟ ಜಾಗಕ್ಕೆ ಕರೆದೊಯ್ಯುತ್ತದೆ. ಗ್ರೀಕ್ ರುದ್ರನಾಟಕಗಳನ್ನು ಓದಿದವರಿಗೆ ಈ ನಡೆ ಚೆನ್ನಾಗಿ ಗೊತ್ತು.

ನಿಮ್ಮ ಕತ್ತರಿಯ ಪರವಾಗಿಯೂ ಒಂದು ಸಂಗತಿ ಇದೆ, ಬಚ್ಚಿಡುವುದಿಲ್ಲ. 1597 ಮತ್ತು 1599ರ ಬಿಡಿ ಮುದ್ರಣಗಳಲ್ಲಿ ಈ ನಾಂದಿ ಇದೆ. 1623ರ ಸಂಗ್ರಹ ಸಂಪುಟದಲ್ಲಿ ಇಲ್ಲ. ಹಾಗಾಗಿ ನಾಂದಿಯಿಲ್ಲದೆ ಓದುವ ದಾರಿಯೂ ಹಳೆಯದೇ. ನನ್ನ ಮತ ಮಾತ್ರ ಇರಲಿ ಎಂದೇ.

ಕಡಲೆಕಾಯಿ:
ಸ್ಪಷ್ಟವಾಗಿ ಹೇಳುತ್ತೇನೆ, ಬೈಯಬೇಡಿ. ಹುಡುಗಿಗೆ ಹದಿನಾಲ್ಕು ತುಂಬಿಲ್ಲ. ಹುಡುಗ ಆ ದಿನ ಬೆಳಿಗ್ಗೆಯವರೆಗೂ ಬೇರೊಬ್ಬಳಿಗಾಗಿ ಅಳುತ್ತಿದ್ದ. ಭಾನುವಾರ ರಾತ್ರಿ ಭೇಟಿ, ಸೋಮವಾರ ಮಧ್ಯಾಹ್ನ ಮದುವೆ, ವಾರ ಮುಗಿಯುವುದರೊಳಗೆ ಆರು ಹೆಣ. ಇದನ್ನು ಅಮರ ಪ್ರೇಮ ಎಂದು ನಾಲ್ಕು ಶತಮಾನಗಳಿಂದ ಮೆರೆಸುತ್ತಿದ್ದೇವೆ. ಷೇಕ್ಸ್‌ಪಿಯರ್ ಹರೆಯದವರನ್ನು ಗೇಲಿ ಮಾಡಿದ್ದಾನೆ ಎಂದೇ ನಾನು ಓದುವುದು. ‘ನಿಧಾನ, ಓಡುವವರು ಎಡವುತ್ತಾರೆ’ ಎಂದು ಪಾದ್ರಿಯ ಬಾಯಲ್ಲಿ ಹೇಳಿಸಿಯೂ ಇದ್ದಾನೆ. ರೋಸಲೀನಳ ವಿಷಯ ತೆಗೆದರೆ ರೋಮಿಯೋನ ಚಂಚಲ ಬುದ್ಧಿ ಮರೆಯಾಗುತ್ತದೆ. ಅದನ್ನು ಬಿಟ್ಟು ಬೇರೆ ಏನನ್ನಾದರೂ ಕತ್ತರಿಸಿ.

ಶರಾವತಿ:
ವಿಧಿಯೆಂಬ ಓದಿಗೂ ದುಡುಕೆಂಬ ಓದಿಗೂ ನನ್ನ ತಕರಾರಿದೆ.

ಮೇಷ್ಟ್ರೇ, ನಕ್ಷತ್ರಗಳ ಮಾತು ಯಾವ ಹೊತ್ತಿಗೆ ಬರುತ್ತದೆ ನೋಡಿ. ಗೋರಿಯೊಳಗೆ ಜೂಲಿಯೆಟ್ ಎಚ್ಚರಗೊಂಡಾಗ ಲಾರೆನ್ಸ್ ಹೇಳುವುದೇನು? ನಾವು ಎದುರಿಸಲಾಗದ ದೊಡ್ಡ ಶಕ್ತಿಯೊಂದು ನಮ್ಮ ಉಪಾಯವನ್ನು ಕೆಡಿಸಿತು ಎನ್ನುತ್ತಾನೆ. ಕಾವಲುಗಾರರ ಸದ್ದು ಕೇಳಿಸುತ್ತದೆ, ಇನ್ನು ನಿಲ್ಲಲಾರೆ ಎನ್ನುತ್ತಾನೆ, ಹುಡುಗಿಯನ್ನು ಹೆಣಗಳ ನಡುವೆ ಬಿಟ್ಟು ಹೊರಟುಹೋಗುತ್ತಾನೆ. ವಿಧಿಯ ಮಾತು ಅಲ್ಲಿ ಓಡಿಹೋಗುವವನ ಬಾಯಲ್ಲಿದೆ.

ಮತ್ತೆ ಆ ಪುಟ್ಟ ದೃಶ್ಯ. ದಯವಿಟ್ಟು ಪಾದ್ರಿ ಜಾನ್‌ನನ್ನು ತೆಗೆಯಬೇಡಿ. ಜೂಲಿಯೆಟ್ ಸತ್ತಿಲ್ಲ, ಔಷಧಿ ಕುಡಿದು ಸತ್ತಂತೆ ಮಲಗಿದ್ದಾಳೆ ಎಂದು ತಿಳಿಸುವ ಲಾರೆನ್ಸನ ಪತ್ರ, ಗಡೀಪಾರಾಗಿ ಮ್ಯಾಂಟುವಾದಲ್ಲಿದ್ದ ರೋಮಿಯೋಗೆ ಏಕೆ ತಲುಪಲಿಲ್ಲ? ಜಾನ್ ಜೊತೆಗಾರನೊಬ್ಬನನ್ನು ಹುಡುಕಿಕೊಂಡು ಹೋದ. ಆತ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ. ಇಬ್ಬರೂ ಪ್ಲೇಗಿನ ಮನೆಯಲ್ಲಿದ್ದರೆಂಬ ಅನುಮಾನದ ಮೇಲೆ ಊರಿನ ತಪಾಸಣೆಯವರು ಬಾಗಿಲಿಗೆ ಮುದ್ರೆ ಒತ್ತಿದರು. ಪತ್ರವನ್ನು ಹಿಂದಿರುಗಿಸೋಣವೆಂದರೆ ಸೋಂಕಿನ ಭಯಕ್ಕೆ ಅದನ್ನು ಮುಟ್ಟುವವರೂ ಸಿಗಲಿಲ್ಲ. ಲಂಡನ್ನಿನ ರಂಗಮಂದಿರಗಳು 1592ರಿಂದ 1594ರವರೆಗೆ ಬಹುಪಾಲು ಮುಚ್ಚಿದ್ದು ಪ್ಲೇಗಿನಿಂದಲೇ. ನಾಟಕ ಬಂದದ್ದು ಅದರ ಬೆನ್ನಿಗೆ. ಆ ಪ್ರೇಕ್ಷಕರಿಗೆ ಮುದ್ರೆ ಬಿದ್ದ ಬಾಗಿಲೆಂದರೆ ಬೀದಿಯಲ್ಲಿ ಕಣ್ಣಾರೆ ಕಂಡ ಸಂಗತಿ. 2020ರ ನಂತರ ನಮಗೂ ಹಾಗೆಯೇ. ಹಿಂದೆ ಇದನ್ನು ದುರ್ಬಲ ಕಾಕತಾಳೀಯ ಎಂದು ವಿಮರ್ಶಕರು ಮೂಗು ಮುರಿಯುತ್ತಿದ್ದರು. ಈಗ ಆಡಿ ನೋಡಿ, ಸಭಾಂಗಣದಲ್ಲಿ ಯಾರೂ ಮೂಗು ಮುರಿಯುವುದಿಲ್ಲ.

ನೇಪಥ್ಯ:
ಕಡಲೆಕಾಯಿಯವರ ‘ದುಡುಕು’ ಓದಿಗೆ ನನ್ನ ಉತ್ತರ ಜೂಲಿಯೆಟಳ ತಂದೆ, ಮುದುಕ ಕ್ಯಾಪುಲೆಟ್. ಇಡೀ ನಾಟಕದಲ್ಲಿ ಅವನಷ್ಟು ಅವಸರದವನು ಇನ್ನೊಬ್ಬನಿಲ್ಲ.

ಮೊದಲ ಅಂಕದಲ್ಲಿ ಪ್ಯಾರಿಸ್ ಹೆಣ್ಣು ಕೇಳಲು ಬಂದಾಗ ಎಷ್ಟು ಹಿರಿಮೆಯಿಂದ ಮಾತನಾಡುತ್ತಾನೆ ಓದಿ: ಅವಳಿನ್ನೂ ಮಗು, ಎರಡು ಬೇಸಿಗೆ ಕಳೆಯಲಿ, ಮೊದಲು ಅವಳ ಮನಸ್ಸು ಗೆಲ್ಲು, ನನ್ನ ಒಪ್ಪಿಗೆ ಅವಳ ಒಪ್ಪಿಗೆಯ ಒಂದು ಭಾಗ ಮಾತ್ರ. ಅವಳಿಗಿಂತ ಚಿಕ್ಕವರು ತಾಯಂದಿರಾಗಿದ್ದಾರಲ್ಲ ಎಂದು ಪ್ಯಾರಿಸ್ ಅಂದರೆ, ಅಂಥವರು ಬೇಗ ಹಾಳಾಗುತ್ತಾರೆ ಎಂದು ಮರುನುಡಿಯುತ್ತಾನೆ. ಭಾನುವಾರದ ಕ್ಯಾಪುಲೆಟ್ ಇವನು. ಸೋಮವಾರ ರಾತ್ರಿ, ಟಿಬಾಲ್ಟನ ಹೆಣ ಮನೆಯಲ್ಲಿರುವಾಗ, ಅದೇ ಮನುಷ್ಯ ಮಗಳನ್ನು ಒಂದು ಮಾತೂ ಕೇಳದೆ ಮದುವೆ ಗೊತ್ತುಮಾಡುತ್ತಾನೆ. ಬುಧವಾರ ತೀರಾ ಬೇಗವಾಯಿತು, ಗುರುವಾರ ಇರಲಿ ಎಂದು ಲೆಕ್ಕ ಹಾಕುತ್ತಾನೆ. ಎರಡು ಬೇಸಿಗೆ ಹೋಗಿ ಮೂರು ದಿನ ಆಯಿತು.

ಮಂಗಳವಾರ ಜೂಲಿಯೆಟ್ ಬಂದು ಕ್ಷಮೆ ಕೇಳಿದ ಹಾಗೆ ನಟಿಸುತ್ತಾಳೆ. ಹಿಗ್ಗಿದ ಮುದುಕ ಮದುವೆಯನ್ನು ಮರುದಿನ ಬೆಳಿಗ್ಗೆಗೇ ಎಳೆದುಬಿಡುತ್ತಾನೆ. ಗುರುವಾರದವರೆಗೆ ಸಮಯವಿದೆಯಲ್ಲ ಎಂದು ಹೆಂಡತಿ ಅಂದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಲಾರೆನ್ಸ್ ಔಷಧಿ ಕುಡಿಯಲು ಹೇಳಿದ್ದು ಬುಧವಾರ ರಾತ್ರಿ. ಈಗ ಅವಳು ಮಂಗಳವಾರ ರಾತ್ರಿಯೇ ಕುಡಿಯಬೇಕು. ನಲವತ್ತೆರಡು ಗಂಟೆಯ ನಿದ್ದೆಯ ಲೆಕ್ಕವೆಲ್ಲ ಒಂದು ದಿನ ಮೊದಲೇ ಶುರುವಾಗುತ್ತದೆ, ಪತ್ರಕ್ಕೆ ಇದ್ದ ಅವಕಾಶದಲ್ಲಿ ಒಂದು ಇಡೀ ದಿನ ಹೋಗುತ್ತದೆ. ಹೀಗಿರುವಾಗ ಹರೆಯದ ದುಡುಕು ಎಂದು ಹುಡುಗರನ್ನು ಮಾತ್ರ ಹಿಡಿದು ಬಡಿಯುವುದು ಯಾವ ನ್ಯಾಯ?

ಇನ್ನು ‘ನಿಧಾನ’ ಎಂದ ಪಾದ್ರಿ. ಅದೇ ದೃಶ್ಯದಲ್ಲಿ ಅದೇ ದಿನದ ಮದುವೆಗೆ ಒಪ್ಪಿ ಆಮೇಲೆ ಆ ಮಾತು ಆಡುತ್ತಾನೆ.

ಕಡಲೆಕಾಯಿ:
ಮುದುಕನ ವಿಷಯ ಒಪ್ಪಿದೆ, ಚೆನ್ನಾಗಿ ಹಿಡಿದಿದ್ದೀರಿ. ಆದರೆ ರೋಸಲೀನ್ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಬೆಳಿಗ್ಗೆ ಒಬ್ಬಳು, ರಾತ್ರಿ ಇನ್ನೊಬ್ಬಳು.

ನೇಪಥ್ಯ:
ರೋಸಲೀನ್ ರಂಗಕ್ಕೆ ಬರುವುದೇ ಇಲ್ಲ, ಒಂದು ಮಾತೂ ಆಡುವುದಿಲ್ಲ. ಅವಳಿಗಾಗಿ ರೋಮಿಯೋ ಒಬ್ಬನೇ ಹಲುಬುತ್ತಾನೆ. ಬೆಂಕಿ ತಣ್ಣಗಿದೆ, ಆರೋಗ್ಯಕ್ಕೆ ಕಾಯಿಲೆ ಬಂದಿದೆ ಎಂಬಂಥ, ಆ ಕಾಲದ ಪ್ರೇಮಕವಿಗಳೆಲ್ಲ ಸವೆಸಿದ ಅಲಂಕಾರಗಳು. ಜೂಲಿಯೆಟಳನ್ನು ಕಂಡಾಗ ಏನಾಗುತ್ತದೆ ನೋಡಿ. ಮೊದಲ ನಾಲ್ಕು ಸಾಲು ಅವನದು: ತನ್ನ ತುಟಿಗಳು ನಾಚುವ ಯಾತ್ರಿಕರು ಎನ್ನುತ್ತಾನೆ. ಮುಂದಿನ ನಾಲ್ಕು ಅವಳದು: ಯಾತ್ರಿಕರ ಮುತ್ತು ಅಂಗೈಗೆ ಅಂಗೈ ಸೇರಿಸುವುದರಲ್ಲಿದೆ ಎಂದು ಜಾಣತನದಿಂದ ತಿರುಗಿಸುತ್ತಾಳೆ. ಉಳಿದ ಸಾಲುಗಳನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಹದಿನಾಲ್ಕನೆಯ ಸಾಲಿಗೆ ಮುತ್ತು. ಇಬ್ಬರು ಅಪರಿಚಿತರು ಕೂಡಿ ಒಂದು ಸುನೀತವನ್ನು ಪೂರ್ತಿ ಮಾಡುತ್ತಾರೆ. ಒಬ್ಬನೇ ಹಲುಬುವುದಕ್ಕೂ ಇಬ್ಬರು ಕೂಡಿ ಕಟ್ಟುವುದಕ್ಕೂ ಇರುವ ದೂರ ಕಾಣಿಸಲಿಕ್ಕೇ ರೋಸಲೀನ್ ಬೇಕು. ಲಂಡನ್ನಿನ ಹೆಸರಾಂತ ನಟ ಡೇವಿಡ್ ಗ್ಯಾರಿಕ್ 1750ರಲ್ಲಿ ಅವಳ ಪ್ರಸ್ತಾಪವನ್ನೆಲ್ಲ ತೆಗೆದುಹಾಕಿದ, ನಾಯಕನ ಘನತೆಗೆ ಕುಂದೆಂದು. ನೀವು ಅವನ ದಾರಿ ಹಿಡಿಯಬೇಡಿ.

ಮೂರನೇ ಗಂಟೆಯವರಿಗೆ ಒಂದು ವಿನಂತಿ: ಆ ಹದಿನಾಲ್ಕು ಸಾಲುಗಳನ್ನು ಗದ್ಯಕ್ಕೆ ಇಳಿಸಬೇಡಿ. ಪ್ರಾಸ ಬರದಿದ್ದರೆ ಲಯವಾದರೂ ಇರಲಿ. ಒಬ್ಬರು ಬಿಟ್ಟ ಲಯವನ್ನು ಇನ್ನೊಬ್ಬರು ಹಿಡಿಯುವುದು ಕಿವಿಗೆ ಗೊತ್ತಾಗಬೇಕು.

ಸಹ್ಯಾದ್ರಿ:
ನಮ್ಮ ನಾಡಿನಲ್ಲಿ ಆಡುವಾಗ ಇದನ್ನು ಮರ್ಯಾದೆಗೇಡು ಹತ್ಯೆಯ ಕಥೆಯಾಗಿ ಓದದೆ ಬೇರೆ ದಾರಿ ಇದೆಯೇ? ಜಾತಿ ಬಿಟ್ಟು ಮದುವೆಯಾದವರನ್ನು ಸ್ವಂತ ಮನೆಯವರೇ ಕೊಂದ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಕಥೆ ನಡೆಯುವ ವೆರೋನಾ ಎಂಬ ಊರು ನಮ್ಮ ಪ್ರೇಕ್ಷಕರಿಗೆ ಏನು ಗೊತ್ತು? ಎರಡು ಮನೆತನಗಳನ್ನು ಎರಡು ಜಾತಿಗಳಾಗಿಸಿ. ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹಳೇ ಮೇಷ್ಟ್ರು:
ಆ ಕೋಪ ನನಗೂ ಇದೆ ಸಹ್ಯಾದ್ರಿಯವರೇ. ಆದರೆ ಈ ನಾಟಕ ಆ ಭಾರವನ್ನು ಹೊರುವುದಿಲ್ಲ. ನಾಂದಿಯ ಮೊದಲ ಸಾಲೇ ಎರಡೂ ಮನೆತನಗಳು ಘನತೆಯಲ್ಲಿ ಸರಿಸಮಾನ ಎನ್ನುತ್ತದೆ. ಇಲ್ಲಿ ಮೇಲು ಕೀಳಿಲ್ಲ. ಔತಣಕ್ಕೆ ರೋಮಿಯೋ ನುಗ್ಗಿದ್ದಾನೆಂದು ಟಿಬಾಲ್ಟ್ ಕತ್ತಿಗೆ ಕೈಹಾಕಿದಾಗ ಕ್ಯಾಪುಲೆಟ್ಟನೇ ಅವನನ್ನು ಗದರಿಸುತ್ತಾನೆ; ಒಳ್ಳೆಯ ಹುಡುಗ, ವೆರೋನಾ ಅವನ ಬಗ್ಗೆ ಹೆಮ್ಮೆಪಡುತ್ತದೆ, ನನ್ನ ಮನೆಯಲ್ಲಿ ಅವನಿಗೆ ಅವಮಾನವಾಗಬಾರದು ಎನ್ನುತ್ತಾನೆ. ಜಾತಿಯ ಅಹಂಕಾರ ಹೊತ್ತ ಯಜಮಾನ ಹೀಗೆ ಮಾತನಾಡುತ್ತಾನೆಯೇ? ಮೊದಲ ದೃಶ್ಯದ ಬೀದಿ ಕಾಳಗಕ್ಕೆ ಮುದುಕ ಕತ್ತಿ ಕೇಳಿದರೆ ಹೆಂಡತಿ ಊರುಗೋಲು ತರಿಸಲೇ ಎಂದು ಹಂಗಿಸುತ್ತಾಳೆ. ಹಿರಿಯರಿಗೆ ಈ ಹಗೆ ಸಾಕಾಗಿದೆ. ಅದನ್ನು ಬದುಕಿಸಿಟ್ಟಿರುವವರು ಆಳುಗಳು ಮತ್ತು ಕೆಲಸವಿಲ್ಲದ ಗಂಡುಹುಡುಗರು. ಹಗೆಯ ಮೂಲವೇನೆಂದು ಯಾರಿಗೂ ನೆನಪಿಲ್ಲ. ಗಾಳಿಮಾತಿನಿಂದ ಹುಟ್ಟಿದ ಗಲಭೆಗಳು ಎಂದು ದೊರೆಯೇ ಹೇಳುತ್ತಾನೆ.

ಜಾತಿಗೆ ಕಾರಣವಿದೆ, ಲಾಭವಿದೆ, ಶಾಸ್ತ್ರದ ಬೆಂಬಲವಿದೆ. ಅದನ್ನು ಈ ಕಾರಣವಿಲ್ಲದ ಹಗೆಯ ಜಾಗದಲ್ಲಿ ಕೂರಿಸಿದರೆ ಎರಡು ಕಡೆಯೂ ಸಮಾನ ತಪ್ಪಿತಸ್ಥರು ಎಂಬ ಅರ್ಥ ಬರುತ್ತದೆ. ಅದು ಈ ನಾಟಕಕ್ಕೆ ಸರಿ. ಜಾತಿಯ ವಿಷಯದಲ್ಲಿ ಶುದ್ಧ ಸುಳ್ಳು.

ಸಹ್ಯಾದ್ರಿ:
ಕೊನೆಯ ಎರಡು ಸಾಲು ನಾಟಿತು. ಆದರೂ ನಿರ್ದೇಶಕನಿಗೆ ಒಂದು ಕಷ್ಟ ಉಳಿಯುತ್ತದೆ: ಕಾರಣವಿಲ್ಲದ ಹಗೆಯನ್ನು ರಂಗದ ಮೇಲೆ ನಂಬಿಸುವುದು ಹೇಗೆ?

ಶರಾವತಿ:
ಎರಡು ಬೀದಿಯ ಕ್ರಿಕೆಟ್ ತಂಡಗಳ ಹುಡುಗರನ್ನು ನೋಡಿದವರಿಗೆ ನಂಬಿಸಬೇಕಾಗಿಯೇ ಇಲ್ಲ.

ನೇಪಥ್ಯ:
ಸಹ್ಯಾದ್ರಿಯವರ ಪ್ರಶ್ನೆಯಲ್ಲಿ ಇನ್ನೊಂದು ಎಳೆ ಇದೆ, ಅದನ್ನು ಬಿಡಬಾರದು. ಮನೆಯವರು ಕತ್ತಿಯಿಂದ ಕೊಲ್ಲುವುದಿಲ್ಲ, ನಿಜ. ಮೂರನೆಯ ಅಂಕದ ಐದನೆಯ ದೃಶ್ಯದಲ್ಲಿ ನಡೆಯುವುದು ಏನು ಹಾಗಾದರೆ? ನಾನು ದಾದಿಯ ಪಾತ್ರ ಮಾಡಿದ್ದೇನೆ, ಹಾಗಾಗಿ ಆ ದೃಶ್ಯ ನನಗೆ ಒಳಗಿನಿಂದ ಗೊತ್ತು. ನನ್ನ ಪ್ರಕಾರ ಇಡೀ ನಾಟಕ ನಿಂತಿರುವುದು ಅಲ್ಲಿ, ಉಪ್ಪರಿಗೆಯ ಕೆಳಗಲ್ಲ.

ಬೆಳಗಾಗುತ್ತಿದ್ದಂತೆ ರೋಮಿಯೋ ಕಿಟಕಿಯಿಂದ ಇಳಿದು ಹೋಗಿದ್ದಾನೆ. ತಾಯಿ ಬಂದು ಗುರುವಾರ ಮದುವೆ ಎನ್ನುತ್ತಾಳೆ. ಜೂಲಿಯೆಟ್ ಒಲ್ಲೆ ಎನ್ನುತ್ತಾಳೆ. ತಂದೆ ಬರುತ್ತಾನೆ. ಕೈ ತುರಿಸುತ್ತಿದೆ ಎನ್ನುತ್ತಾನೆ. ಒಪ್ಪದಿದ್ದರೆ ನೇಣು ಹಾಕಿಕೋ, ಭಿಕ್ಷೆ ಬೇಡು, ಹಸಿದು ಸಾಯಿ, ಬೀದಿಯಲ್ಲಿ ಸಾಯಿ ಎಂದು ಹೇಳಿ ಹೋಗುತ್ತಾನೆ. ಅವಳು ತಾಯಿಯ ಕಡೆ ತಿರುಗಿ ಒಂದು ತಿಂಗಳು, ಒಂದು ವಾರ ಮುಂದೂಡಿಸು ಎಂದು ಬೇಡುತ್ತಾಳೆ. ನನ್ನ ಹತ್ತಿರ ಮಾತನಾಡಬೇಡ, ನಿನ್ನ ಸಹವಾಸ ಮುಗಿಯಿತು ಎಂದು ತಾಯಿಯೂ ಹೋಗುತ್ತಾಳೆ. ಉಳಿದವಳು ದಾದಿ ಒಬ್ಬಳೇ.

ಈ ದಾದಿ ಯಾರು? ಜೂಲಿಯೆಟಳಿಗೆ ಹಾಲೂಡಿಸಿದವಳು. ಅವಳ ಸ್ವಂತ ಮಗಳು ಸೂಸನ್‌ಗೆ ಇವಳದೇ ವಯಸ್ಸು, ಸತ್ತುಹೋಗಿದ್ದಾಳೆ; ಮೊದಲ ಅಂಕದ ಹರಟೆಯ ನಡುವೆ ಇದನ್ನು ಹೇಳಿ ಮುಂದೆ ಸಾಗಿಬಿಡುತ್ತಾಳೆ. ಈ ಹೆಂಗಸೇ ಈಗ ಹೇಳುತ್ತಾಳೆ: ಪ್ಯಾರಿಸನನ್ನು ಮದುವೆಯಾಗು, ಅವನ ಮುಂದೆ ರೋಮಿಯೋ ಪಾತ್ರೆ ಒರೆಸುವ ಬಟ್ಟೆ. ಮೊದಲ ಗಂಡ ಇದ್ದೂ ಸತ್ತ ಹಾಗೆ. ಜೂಲಿಯೆಟ್ ಕೇಳುತ್ತಾಳೆ, ಇದನ್ನು ಮನಸಾರೆ ಹೇಳುತ್ತಿದ್ದೀಯಾ? ದಾದಿ ಆಣೆ ಇಡುತ್ತಾಳೆ. ಜೂಲಿಯೆಟ್ ‘ಆಮೆನ್’ ಎನ್ನುತ್ತಾಳೆ. ದಾದಿಗೆ ಅರ್ಥವಾಗದೆ ಏನು ಎಂದು ಕೇಳುತ್ತಾಳೆ. ನೀನು ನನಗೆ ಬಹಳ ಸಮಾಧಾನ ಹೇಳಿದೆ ಎನ್ನುತ್ತಾಳೆ ಹುಡುಗಿ, ತಪ್ಪೊಪ್ಪಿಗೆಗೆ ಪಾದ್ರಿಯ ಬಳಿ ಹೋಗುತ್ತೇನೆಂದು ಅಮ್ಮನಿಗೆ ಹೇಳು ಎನ್ನುತ್ತಾಳೆ. ನಾಟಕದಲ್ಲಿ ಅವಳು ದಾದಿಗೆ ಹೇಳುವ ಮೊದಲ ದೊಡ್ಡ ಸುಳ್ಳು ಇದು. ತಾಲೀಮಿನಲ್ಲಿ ಆ ‘ಆಮೆನ್’ ಕೇಳಿದಾಗಲೆಲ್ಲ ಎದುರಿಗಿದ್ದ ಹುಡುಗಿಗೆ ವಯಸ್ಸಾದಂತೆ ಕಾಣುತ್ತಿತ್ತು.

ಔಷಧಿ ಕುಡಿಯುವ ರಾತ್ರಿ ಹೆದರಿ ದಾದಿಯನ್ನು ಒಮ್ಮೆ ಕೂಗುತ್ತಾಳೆ, ತಕ್ಷಣ ತಡೆದುಕೊಳ್ಳುತ್ತಾಳೆ: ಅವಳು ಬಂದು ಮಾಡುವುದೇನಿದೆ, ಈ ಘೋರ ದೃಶ್ಯವನ್ನು ನಾನೊಬ್ಬಳೇ ಆಡಬೇಕು. ಕೊನೆಗೆ ಪಾದ್ರಿಯೂ ಬಿಟ್ಟು ಓಡುತ್ತಾನೆ, ಶರಾವತಿಯವರು ಹೇಳಿದ ಹಾಗೆ. ದೊಡ್ಡವರು ಒಬ್ಬೊಬ್ಬರಾಗಿ ಕೈಬಿಟ್ಟ ಹುಡುಗಿಯ ಕಥೆ ಎಂದು ನಾನು ಇದನ್ನು ಓದುತ್ತೇನೆ. ಪ್ರೀತಿ ಅದರೊಳಗಿದೆ. ಸಾವಿಗೆ ಕಾರಣ ಪ್ರೀತಿಯಲ್ಲ.

ಬರ್ಮಿಂಗ್‌ಹ್ಯಾಮ್ ಕನ್ನಡತಿ:
ನೇಪಥ್ಯ ಅವರ ಓದಿಗೆ ಒಂದು ಪುರಾವೆ ಸೇರಿಸುತ್ತೇನೆ. ಷೇಕ್ಸ್‌ಪಿಯರ್ ಕಥೆ ತೆಗೆದುಕೊಂಡದ್ದು ಆರ್ಥರ್ ಬ್ರೂಕ್ 1562ರಲ್ಲಿ ಪ್ರಕಟಿಸಿದ ಉದ್ದನೆಯ ಕಾವ್ಯದಿಂದ. ಬ್ರೂಕ್ ಮುನ್ನುಡಿಯಲ್ಲೇ ಪಾಠ ಹೇಳುತ್ತಾನೆ: ಹೆತ್ತವರ ಮಾತು ಮೀರಿದವರ ಗತಿ ಇದು, ಹರಟೆಮಲ್ಲಿಯರನ್ನೂ ಪಾದ್ರಿಗಳನ್ನೂ ನಂಬಿದವರ ಗತಿ ಇದು. ಅವನ ಜೂಲಿಯೆಟಳಿಗೆ ಹದಿನಾರು ಹತ್ತಿರ. ಕಥೆ ತಿಂಗಳುಗಟ್ಟಲೆ ನಡೆಯುತ್ತದೆ. ಕೊನೆಗೆ ವಿಷ ಮಾರಿದವನನ್ನು ನೇಣಿಗೆ ಹಾಕುತ್ತಾರೆ, ದಾದಿಯನ್ನು ಗಡೀಪಾರು ಮಾಡುತ್ತಾರೆ.

ಷೇಕ್ಸ್‌ಪಿಯರ್ ಮಾಡಿದ ಬದಲಾವಣೆ ನೋಡಿ. ವಯಸ್ಸನ್ನು ಹದಿಮೂರಕ್ಕೆ ಇಳಿಸಿದ. ತಿಂಗಳುಗಳನ್ನು ಕೆಲವೇ ದಿನಗಳಿಗೆ ಕುಗ್ಗಿಸಿದ. ನೀತಿಪಾಠವನ್ನು ಕೈಬಿಟ್ಟ. ಶಿಕ್ಷೆ ಯಾರಿಗೆಂದು ಹೇಳಲೇ ಇಲ್ಲ. ಕೆಲವರಿಗೆ ಕ್ಷಮೆ, ಕೆಲವರಿಗೆ ದಂಡನೆ ಎಂದು ದೊರೆ ಹೇಳಿ ಮುಗಿಸುತ್ತಾನೆ. ಆಗಿನ ಇಂಗ್ಲೆಂಡಿನಲ್ಲಿ ಸಾಮಾನ್ಯ ಹೆಣ್ಣುಮಕ್ಕಳ ಮದುವೆ ಇಪ್ಪತ್ತು ದಾಟಿದ ಮೇಲೆಯೇ ಆಗುತ್ತಿತ್ತು. ಹಾಗಾಗಿ ಹದಿಮೂರು ಅವನ ಪ್ರೇಕ್ಷಕರಿಗೂ ಕಸಿವಿಸಿ ಮಾಡಿರಬೇಕು. ಗೇಲಿ ಮಾಡುವವನು ವಯಸ್ಸನ್ನು ಹೆಚ್ಚಿಸುತ್ತಿದ್ದ, ಇಳಿಸುತ್ತಿರಲಿಲ್ಲ.

ಉಪ್ಪರಿಗೆಯ ಮಾತು ಬಂದದ್ದರಿಂದ: ವೆರೋನಾದಲ್ಲಿ ಪ್ರವಾಸಿಗರು ಚಿತ್ರ ತೆಗೆಸಿಕೊಳ್ಳುವ ಜೂಲಿಯೆಟ್ ಉಪ್ಪರಿಗೆಯನ್ನು 20ನೆಯ ಶತಮಾನದಲ್ಲಿ ಆ ಮನೆಗೆ ಜೋಡಿಸಿದ್ದು. ನಾಟಕದಲ್ಲಿರುವುದು ಕಿಟಕಿ. ಆದರೂ ಅದರ ಕೆಳಗೆ ಜನಜಂಗುಳಿ, ನಾನೂ ನಿಂತು ಚಿತ್ರ ತೆಗೆಸಿಕೊಂಡೆ.

ಹಳೇ ಮೇಷ್ಟ್ರು:
ಅಂತ್ಯದ ಬಗ್ಗೆ ಹೇಳುವುದಾದರೆ, ಈ ಸಾವನ್ನು ಸಹಿಸಲಾರದವರ ಸಾಲು ಉದ್ದವಿದೆ. 1748ರಲ್ಲಿ ಗ್ಯಾರಿಕ್, ವಿಷ ಕುಡಿದ ರೋಮಿಯೋ ಸಾಯುವ ಮುಂಚೆಯೇ ಜೂಲಿಯೆಟಳನ್ನು ಎಬ್ಬಿಸಿ ಇಬ್ಬರಿಗೂ ಒಂದು ಸಂಭಾಷಣೆ ಬರೆದುಕೊಟ್ಟ. ಹಳೆಯ ಇಟಾಲಿಯನ್ ಕಥೆಗಳಲ್ಲೂ ಹೀಗೇ ಇತ್ತು. ಸುಮಾರು ನೂರು ವರ್ಷ ಇಂಗ್ಲೆಂಡ್ ನೋಡಿದ್ದು ಆ ಅಂತ್ಯವನ್ನೇ. 1845ರಲ್ಲಿ ಷಾರ್ಲಟ್ ಕುಷ್ಮನ್ ಎಂಬ ಅಮೆರಿಕದ ನಟಿ ತಾನೇ ರೋಮಿಯೋ ಆಗಿ, ತಂಗಿಯನ್ನು ಜೂಲಿಯೆಟ್ ಮಾಡಿಕೊಂಡು ಲಂಡನ್ನಿನಲ್ಲಿ ಷೇಕ್ಸ್‌ಪಿಯರನ ಪಠ್ಯವನ್ನು ಮರಳಿ ತಂದಳು. ರಷ್ಯಾದ ಪ್ರೊಕೋಫಿಯೆವ್ ತನ್ನ ಬ್ಯಾಲೆಗೆ ಮೊದಲು ಬರೆದದ್ದು ಪ್ರೇಮಿಗಳು ಬದುಕುವ ಅಂತ್ಯ. ಸಾಯುತ್ತಿರುವವರು ಕುಣಿಯಲಾರರು ಎಂಬುದು ಅವನ ವಾದ. ಆಮೇಲೆ ಬದಲಾಯಿಸಬೇಕಾಯಿತು.

ನಮ್ಮವರೂ ಹಿಂದೆ ಬಿದ್ದಿಲ್ಲ. 19ನೆಯ ಶತಮಾನದ ಕೊನೆಗೆ ಆನಂದರಾಯರು ಮಾಡಿದ ‘ರಾಮವರ್ಮ ಲೀಲಾವತಿ’ ಇದೇ ಕಥೆಯ ಕನ್ನಡ ರೂಪ; ಅಲ್ಲಿ ದೈವಕೃಪೆಯಿಂದ ಸತ್ತವರು ಎದ್ದು ಬರುತ್ತಾರೆ. ಮಂಗಳವಿಲ್ಲದೆ ನಾಟಕ ಮುಗಿಯಬಾರದೆಂಬ ಸಂಸ್ಕೃತ ಸಂಪ್ರದಾಯ ಬಲವಾಗಿದ್ದ ಕಾಲ. ಬಿ.ಎಂ.ಶ್ರೀ 1929ರಲ್ಲಿ ‘ಅಶ್ವತ್ಥಾಮನ್’ ಬರೆಯುವ ಹೊತ್ತಿಗೆ ರುದ್ರನಾಟಕಕ್ಕೆ ಕನ್ನಡ ಮನಸ್ಸು ಹದವಾಗತೊಡಗಿತ್ತು. ಆ ಹಳೆಯ ಅಂತ್ಯವನ್ನು ನಗೆಯ ವಸ್ತುವಾಗಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಲಂಡನ್ನಿನವರು ಎಚ್ಚರಿಸಿ ಮಾತನಾಡಿಸಿದರು, ನಮ್ಮವರು ಬದುಕಿಸಿಬಿಟ್ಟರು. ಆಸೆ ಒಂದೇ.

ತುಂಗಾತೀರ:
ಓದುತ್ತಿದ್ದೇನೆ, ಸುಮ್ಮನಿರಲಾಗಲಿಲ್ಲ. ದ್ವಿತೀಯ ಪಿಯುಸಿ ಇಂಗ್ಲಿಷ್ ಪುಸ್ತಕದ ಮೊದಲ ಪಾಠವಾಗಿ ಈ ನಾಟಕದ ತುಣುಕುಗಳನ್ನು ನಮ್ಮಲ್ಲಿ ಸಾವಿರಾರು ಜನ ಓದಿದ್ದೇವೆ. ಅವಳು ದೀವಟಿಗೆಗಳಿಗೇ ಉರಿಯುವುದನ್ನು ಕಲಿಸುತ್ತಾಳೆ ಎಂಬ ರೋಮಿಯೋನ ಮಾತು. ಅವನು ಸತ್ತಾಗ ಕತ್ತರಿಸಿ ಚಿಕ್ಕ ಚಿಕ್ಕ ನಕ್ಷತ್ರಗಳನ್ನಾಗಿ ಮಾಡು ಎಂದು ಜೂಲಿಯೆಟ್ ರಾತ್ರಿಯನ್ನು ಬೇಡುವುದು. ಯಾರು ಯಾರನ್ನು ಹೇಗೆ ಹೊಗಳುತ್ತಾರೆ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಈಗಲೂ ನೆನಪಿದೆ.

ಇಡೀ ನಾಟಕ ಓದಿದ ಮೇಲೆ ತಲೆ ತಿರುಗಿತು. ಜೂಲಿಯೆಟ್ ಆ ಮಾತು ಆಡುವುದು ಮೂರನೆಯ ಅಂಕದ ಎರಡನೆಯ ದೃಶ್ಯದಲ್ಲಿ. ಅದರ ಹಿಂದಿನ ದೃಶ್ಯದಲ್ಲೇ ರೋಮಿಯೋನ ಗೆಳೆಯ ಮರ್ಕ್ಯೂಷಿಯೋ ಸತ್ತಿದ್ದಾನೆ, ಟಿಬಾಲ್ಟ್ ಸತ್ತಿದ್ದಾನೆ, ರೋಮಿಯೋಗೆ ಗಡೀಪಾರು ಆಗಿದೆ. ನಮಗೆಲ್ಲ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ. ಮದುವೆಯ ರಾತ್ರಿಗಾಗಿ ಕಾಯುತ್ತಾ ಗಂಡನ ಸಾವಿನ ಮಾತನ್ನು ಆಟದಂತೆ ಆಡುತ್ತಿದ್ದಾಳೆ. ಬಿಡಿಯಾಗಿ ಓದಿದರೆ ಅದು ಹೊಗಳಿಕೆ. ಅಲ್ಲಿಟ್ಟು ಓದಿದರೆ ಕೇಳಲಾಗುವುದಿಲ್ಲ. ಕತ್ತರಿ ಹಾಕುವವರು ಇದನ್ನು ಗಮನದಲ್ಲಿಟ್ಟುಕೊಳ್ಳಿ: ಸಾಲು ಉಳಿದರೆ ಸಾಲದು, ಅದರ ಹಿಂದಿನ ದೃಶ್ಯವೂ ತಕ್ಷಣ ಹಿಂದೆಯೇ ಇರಬೇಕು. ನಡುವೆ ವಿರಾಮ ಕೊಡಬೇಡಿ.

ಕಡಲೆಕಾಯಿ:
ವಿರಾಮದ ಮಾತು ಸರಿ. ನಾನು ನೋಡಿದ ಪ್ರಯೋಗವೊಂದರಲ್ಲಿ ಮರ್ಕ್ಯೂಷಿಯೋ ಸತ್ತ ಕೂಡಲೇ ದೀಪ ಹಾಕಿ ಕಾಫಿಗೆ ಬಿಟ್ಟರು. ಅವನು ಸತ್ತ ಮೇಲೆ ನಾಟಕದಲ್ಲಿ ನಗುವಿಗೆ ಜಾಗ ಇಲ್ಲವಲ್ಲ, ಅದಕ್ಕೇ ಇರಬೇಕು.

ಶರಾವತಿ:
ಯಾರು ಹೇಳಿದರು ಇಲ್ಲವೆಂದು? ವಾದ್ಯಗಾರರು ಇದ್ದಾರಲ್ಲ! ಮದುವೆಗೆ ನುಡಿಸಲು ಬಂದವರಿಗೆ ಮದುಮಗಳ ಹೆಣ ಕಾಣುತ್ತದೆ. ವಾದ್ಯ ಚೀಲಕ್ಕೆ ಹಾಕಿಕೊಂಡು ಹೋಗೋಣ ಎನ್ನುತ್ತಾರೆ. ಆಳು ಪೀಟರ್ ಬಂದು ತಮಾಷೆಯ ಜಗಳ ತೆಗೆಯುತ್ತಾನೆ. ಕೊನೆಗೆ ಅವರ ತೀರ್ಮಾನವೇನು ಗೊತ್ತೇ? ದುಃಖಕ್ಕೆ ಬರುವ ನೆಂಟರಿಗಾಗಿ ಕಾದು ಊಟ ಮುಗಿಸಿಕೊಂಡೇ ಹೊರಡುವುದು. ಬಹುತೇಕ ಎಲ್ಲರೂ ಕತ್ತರಿಸುವ ದೃಶ್ಯ ಇದು. ಹಿಂದಿನ ಕ್ಷಣದಲ್ಲಿ ತಂದೆ, ತಾಯಿ, ದಾದಿ, ಪ್ಯಾರಿಸ್ ಎಲ್ಲರೂ ಒಬ್ಬರ ಮೇಲೊಬ್ಬರು ಗೋಳಿಡುತ್ತಿದ್ದರು. ಆ ಗೋಳು ಎಷ್ಟು ಟೊಳ್ಳೆಂದು ತೋರಿಸಲು ಊಟಕ್ಕೆ ಕಾಯುವ ಮೂವರು ಸಾಕು.

ಚಿನ್ನದ ಎಳೆಯನ್ನೂ ನೋಡಿ. ಮ್ಯಾಂಟುವಾದ ವಿಷ ಮಾರುವವನಿಗೆ ರೋಮಿಯೋ ನಲವತ್ತು ಡ್ಯುಕಟ್ ಚಿನ್ನದ ನಾಣ್ಯ ಕೊಡುತ್ತಾನೆ. ಒಪ್ಪುತ್ತಿರುವುದು ನನ್ನ ಬಡತನ, ನನ್ನ ಮನಸ್ಸಲ್ಲ ಎನ್ನುತ್ತಾನೆ ಆತ. ನಿನ್ನ ವಿಷಕ್ಕಿಂತ ಈ ಚಿನ್ನವೇ ಕೆಟ್ಟ ವಿಷ ಎನ್ನುತ್ತಾನೆ ರೋಮಿಯೋ. ಕೊನೆಯ ದೃಶ್ಯದಲ್ಲಿ ಹಗೆ ಬಿಟ್ಟ ಇಬ್ಬರು ತಂದೆಯರು ಏನು ಮಾಡುತ್ತಾರೆ? ಜೂಲಿಯೆಟಳ ಚಿನ್ನದ ಪ್ರತಿಮೆ ನಿಲ್ಲಿಸುತ್ತೇನೆ ಎನ್ನುತ್ತಾನೆ ಮಾಂಟೆಗ್ಯೂ. ರೋಮಿಯೋನದೂ ಅಷ್ಟೇ ಭರ್ಜರಿಯಾಗಿ ಇರುತ್ತದೆ ಎನ್ನುತ್ತಾನೆ ಕ್ಯಾಪುಲೆಟ್. ರಾಜಿಯಲ್ಲೂ ಪೈಪೋಟಿ. ವಿಷ ಮಾರುವವನ ಮಾತನ್ನು ಅರ್ಧ ಮಾಡಿದರೆ ಈ ಕೊನೆಗೆ ಹಲ್ಲೇ ಇರುವುದಿಲ್ಲ.

ಮೂರನೇ ಗಂಟೆ:
ಎಲ್ಲರಿಗೂ ವಂದನೆ. ನಿನ್ನೆ ತಂಡದ ಮುಂದೆ ಇದನ್ನೆಲ್ಲ ಓದಿದೆ. ನಾಂದಿ ಉಳಿಯಿತು. ಪಾದ್ರಿ ಜಾನ್ ಉಳಿದ, ಯಾರೂ ಚಕಾರ ಎತ್ತಲಿಲ್ಲ. ವಿಷ ಮಾರುವವನು ಪೂರ್ತಿ ಇರುತ್ತಾನೆ. ವಾದ್ಯಗಾರರನ್ನು ಅರ್ಧಕ್ಕೆ ಇಳಿಸಿದ್ದೇವೆ, ಊಟದ ಮಾತು ಇದೆ. ಜಾತಿಯ ಉಡುಪು ತೊಡಿಸುವ ಯೋಚನೆಯನ್ನು ಬಿಟ್ಟೆವು. ಕೊನೆಯಲ್ಲಿ ಪಾದ್ರಿಯ ವರದಿ ನಾಲ್ಕು ಸಾಲಿಗೆ ಬಂತು, ಅದಕ್ಕೆ ಮೇಷ್ಟ್ರು ಬೈದರೂ ಸರಿ. ನಾವು ಕಣ್ಣಾರೆ ಕಂಡದ್ದನ್ನೇ ಆತ ಮತ್ತೆ ಹೇಳುತ್ತಾನೆ. ಜಾಗ ಮಾಡಿಕೊಳ್ಳಲು ಕನಸು ತರುವ ಯಕ್ಷಿಣಿ ರಾಣಿ ಮ್ಯಾಬಳ ಬಗ್ಗೆ ಮರ್ಕ್ಯೂಷಿಯೋ ಆಡುವ ಮಾತಿಗೆ ಕತ್ತರಿ ಬಿದ್ದಿದೆ, ಮರ್ಕ್ಯೂಷಿಯೋ ಪಾತ್ರಧಾರಿ ಎರಡು ದಿನದಿಂದ ನನ್ನೊಡನೆ ಮಾತನಾಡುತ್ತಿಲ್ಲ.

ಪ್ಯಾರಿಸನ ಸಾವು ಮಾತ್ರ ಬಗೆಹರಿದಿಲ್ಲ. ಅದನ್ನು ಇಟ್ಟರೆ ರೋಮಿಯೋ ಕೊನೆಯ ಗಳಿಗೆಯಲ್ಲಿ ಕೊಲೆಗಾರನಾಗುತ್ತಾನೆ, ಪ್ರೇಕ್ಷಕರ ಕರುಣೆ ಹೋಗುತ್ತದೆ ಎನ್ನುತ್ತಾರೆ ಹಲವರು.

ನೇಪಥ್ಯ:
ಇಡಬೇಕು. ಪ್ಯಾರಿಸ್ ಖಳನಲ್ಲ. ಹೂವು ಹಿಡಿದು ರಾತ್ರಿ ಗೋರಿಗೆ ಬಂದಿದ್ದಾನೆ, ತನಗೆ ತಿಳಿದ ಮಟ್ಟಿಗೆ ಪ್ರಾಮಾಣಿಕವಾಗಿ ಅಳುತ್ತಿದ್ದಾನೆ. ಹತಾಶನಾದವನನ್ನು ಕೆಣಕಬೇಡ, ಹೋಗು ಎಂದು ರೋಮಿಯೋ ಬೇಡಿಕೊಳ್ಳುತ್ತಾನೆ. ಕತ್ತಲಲ್ಲಿ ಯಾರೆಂದು ತಿಳಿಯದೆ ಕೊಲ್ಲುತ್ತಾನೆ, ಆಮೇಲೆ ಮುಖ ನೋಡುತ್ತಾನೆ. ಸಾಯುವವನು ಕೇಳಿದ್ದು ಒಂದೇ, ನನ್ನನ್ನು ಜೂಲಿಯೆಟಳ ಪಕ್ಕ ಮಲಗಿಸು. ರೋಮಿಯೋ ಅವನ ಕೈ ಹಿಡಿದುಕೊಂಡು, ನನ್ನ ಹಾಗೆಯೇ ದುರದೃಷ್ಟದ ಪುಟಕ್ಕೆ ಸೇರಿದವನು ಎಂದು ಹೇಳಿ ಒಳಗೆ ಮಲಗಿಸುತ್ತಾನೆ. ತನ್ನ ಹೆಂಡತಿಯನ್ನು ಮದುವೆಯಾಗಬೇಕಿದ್ದವನನ್ನು. ಕರುಣೆ ಹೋಗುವುದಿಲ್ಲ, ಹಂಚಿಹೋಗುತ್ತದೆ. ಇಬ್ಬರೇ ಅಪ್ಪಿ ಮಲಗಿದ ಸುಂದರ ಚಿತ್ರ ಬೇಕೆಂದು ಪ್ಯಾರಿಸನನ್ನು ಹೊರಗಿಟ್ಟರೆ ಅದು ಕ್ಯಾಲೆಂಡರಿನ ಮೇಲೆ ಇರಲಿ, ರಂಗದ ಮೇಲೆ ಬೇಡ.

ಮೂರನೇ ಗಂಟೆ:
ಸರಿ, ಇಟ್ಟೆವು. ಪ್ಯಾರಿಸ್ ಆಗುವ ಹುಡುಗನಿಗೆ ದೂಳಿನ ಅಲರ್ಜಿ ಇದೆ. ಸತ್ತ ಮೇಲೆ ಕೊನೆಯವರೆಗೂ ಸೀನದೆ ಮಲಗಿರುವ ಉಪಾಯವನ್ನು ಈಗಿನಿಂದಲೇ ಯೋಚಿಸಬೇಕು.